ಸಂಘವನ್ನು ಓದುವ ವಿದ್ಯೆ

ಸೊಲ್ಲಾಪುರದಿಂದ ವಾಡಿಯ ಕಡೆಗೆ ಸಾಗುವ ರೈಲುಮಾರ್ಗದಿಂದ ವಿಜಯಪುರ, ಗದಗಗಳ ಹಳಿ ಕವಲೊಡೆಯುವುದು ಹೋಟಗಿಯಲ್ಲಿ. ಆಡಳಿತದ ನಕ್ಷೆಯಲ್ಲಿ ಈ ಊರು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ ತಾಲ್ಲೂಕಿಗೆ ಸೇರಿದೆ. ಮನೆಮಾತಿನ ನಕ್ಷೆಯನ್ನು ಬರೆದರೆ ಇಲ್ಲಿಂದ ಅಕ್ಕಲಕೋಟೆಯವರೆಗೂ ಕನ್ನಡದ ಬಣ್ಣ ಹಚ್ಚಬೇಕಾಗುತ್ತದೆ. ಇಂಥ ನೆಲದಲ್ಲಿ ಕನ್ನಡವನ್ನು ನಡೆಸಿಕೊಂಡು ಬಂದವು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು, ಅವುಗಳ ಜೊತೆಗೆ ಸಣ್ಣಪುಟ್ಟ ಸಂಘಗಳು. ವಾಚನಾಲಯ, ಭಜನಾಮಂಡಳಿ, ಮಠದ ವಿದ್ಯಾರ್ಥಿನಿಲಯ, ಮಹಿಳಾ ಮಂಡಳ, ನಾಟಕದ ಬಳಗ, ಹೀಗೆ ಹೆಸರುಗಳು ಬೇರೆಬೇರೆ. ಲಾಭಕ್ಕಾಗಿ ದುಡಿಯದೆ, ಹತ್ತಾರು ಜನ ಕೂಡಿ, ತಮ್ಮದೇ ವಂತಿಗೆಯಿಂದಲೋ ದಾನಿಗಳ ನೆರವಿನಿಂದಲೋ ನಡೆಯುವುದು ಇವುಗಳ ಸಮಾನ ಲಕ್ಷಣ.

ಇಂಥ ಒಂದು ಸಂಘವು ಅನುದಾನ ಬೇಡಿ ಅರ್ಜಿ ಹಾಕಿತೆನ್ನೋಣ. ಅರ್ಜಿ ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಬಹುದು. ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆಯ ನಿಧಿಗೆ ಹೋಗಬಹುದು. ದೂರದ ಪ್ರತಿಷ್ಠಾನಕ್ಕೂ ಹೋಗಬಹುದು. ಹಣ ಕೊಡುವವರು ಕೇಳುವ ಮೊದಲ ಪ್ರಶ್ನೆ ಸಹಜವಾದುದು: ಕೊಟ್ಟದ್ದನ್ನು ನಿರ್ವಹಿಸುವ ಶಕ್ತಿ ಈ ಸಂಘಕ್ಕೆ ಇದೆಯೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಗಿನಿಂದ ಒಬ್ಬ ಸಲಹೆಗಾರನನ್ನು ಕಳುಹಿಸುವ ಪದ್ಧತಿ ಜಗತ್ತಿನಾದ್ಯಂತ ಬೆಳೆದಿದೆ. ಅವನು ಮಾಡುವ ಕೆಲಸಕ್ಕೆ ಸಾಂಸ್ಥಿಕ ಸಾಮರ್ಥ್ಯದ ಮೌಲ್ಯಮಾಪನ ಎಂದು ಹೆಸರು. ಆ ಕೆಲಸಕ್ಕೆ ಜನರನ್ನು ಅಣಿಗೊಳಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಇದನ್ನು ಏಕೆ ಹೇಳಬೇಕು ಎಂಬ ಸಂದೇಹ ಬಂದರೆ, ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕೆಂದು ಕೋರುತ್ತೇನೆ.

ಮೊದಲು ಇದನ್ನು ಇದರ ಇಬ್ಬರು ದಾಯಾದಿಗಳಿಂದ ಬೇರ್ಪಡಿಸಿ ನೋಡಬೇಕು. ಲೆಕ್ಕಪರಿಶೋಧಕನು ಹಣ ಎಲ್ಲಿಂದ ಬಂತು, ಎಲ್ಲಿ ವೆಚ್ಚವಾಯಿತು ಎಂದು ಕೇಳುತ್ತಾನೆ. ಪರಿಣಾಮದ ಮೌಲ್ಯಮಾಪಕನು ಮಾಡಿದ ಕೆಲಸದಿಂದ ಯಾರ ಬದುಕು ಎಷ್ಟು ಬದಲಾಯಿತು ಎಂದು ಕೇಳುತ್ತಾನೆ. ಇಬ್ಬರ ಕಣ್ಣೂ ಆಗಿಹೋದುದರ ಮೇಲಿರುತ್ತದೆ. ಸಾಮರ್ಥ್ಯವನ್ನು ಅಳೆಯುವವನ ಕಣ್ಣು ಆಗಬೇಕಾದುದರ ಮೇಲಿರುತ್ತದೆ. ಇಂದು ಸಂಘವನ್ನು ಹೊತ್ತು ನಿಂತಿರುವ ಮನುಷ್ಯ ನಾಳೆ ಇಲ್ಲವಾದರೆ, ನಿಶ್ಚಿತವಾಗಿದ್ದ ವಂತಿಗೆ ಒಂದು ವರ್ಷ ಬಾರದೆ ಹೋದರೆ, ಬಾಡಿಗೆಯ ಕೋಣೆಯ ಒಡೆಯ ಕೋಣೆ ಬಿಡಿ ಎಂದರೆ, ಈ ಸಂಘ ಏನು ಮಾಡೀತು? ಒಂದು ಸಂಘವು ಅತ್ಯುತ್ತಮ ಕೆಲಸ ಮಾಡುತ್ತಲೇ ಒಳಗೆ ಅತ್ಯಂತ ದುರ್ಬಲವಾಗಿರಬಹುದು. ಗಡಿಭಾಗದ ಕನ್ನಡ ಸಂಘಗಳನ್ನು ಹತ್ತಿರದಿಂದ ಕಂಡವರಿಗೆ ಇದು ಹೊಸ ಮಾತೇನೂ ಅಲ್ಲ.

ಈ ಅಳತೆಗೆ ಇಂದು ಬಳಕೆಯಲ್ಲಿರುವ ಸಾಧನಗಳಲ್ಲಿ ಬಹು ಪ್ರಸಿದ್ಧವಾದುದು 2001ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ಮೆಕಿನ್ಸಿ ಎಂಬ ಸಲಹಾ ಸಂಸ್ಥೆಯು ವೆಂಚರ್ ಫಿಲಾಂತ್ರಪಿ ಪಾರ್ಟ್‌ನರ್ಸ್ ಎಂಬ ದತ್ತಿಸಂಸ್ಥೆಗಾಗಿ ರಚಿಸಿದ ಕೋಷ್ಟಕವದು. ಸಂಸ್ಥೆಯ ಸಾಮರ್ಥ್ಯವನ್ನು ಅದು ಏಳು ಅಂಗಗಳಾಗಿ ಬಿಡಿಸುತ್ತದೆ: ಆಶಯ, ಕಾರ್ಯತಂತ್ರ, ಕೌಶಲ, ಜನಬಲ, ವ್ಯವಸ್ಥೆ ಮತ್ತು ಮೂಲಸೌಕರ್ಯ, ಸಂಘಟನೆಯ ರಚನೆ, ಸಂಸ್ಥೆಯ ಸಂಸ್ಕೃತಿ. ಪ್ರತಿಯೊಂದು ಅಂಗಕ್ಕೂ ಒಳವಿಭಾಗಗಳಿದ್ದು, ಒಂದೊಂದಕ್ಕೂ 1ರಿಂದ 4ರವರೆಗೆ ಮಟ್ಟಗಳನ್ನು ವಾಕ್ಯಗಳಲ್ಲಿ ವಿವರಿಸಲಾಗಿದೆ. ಮೌಲ್ಯಮಾಪಕನು ಸಂಸ್ಥೆಯ ಸ್ಥಿತಿಗೆ ಹೊಂದುವ ವಾಕ್ಯವನ್ನು ಆರಿಸಿ ಅಂಕ ಕೊಡುತ್ತಾನೆ. ಇದೇ ಬಗೆಯ ಹಲವು ಕೋಷ್ಟಕಗಳು ಮುಂದೆ ಬಂದವು. ಅಂಗಗಳ ಸಂಖ್ಯೆ ಹೆಚ್ಚುಕಡಿಮೆಯಾದರೂ ಕ್ರಮ ಅದೇ.

ನಮ್ಮ ದೇಶದಲ್ಲಿಯೂ ಈ ಚಿಂತನೆಗೆ ತನ್ನದೇ ದಾರಿಯಿದೆ. ದೆಹಲಿಯಲ್ಲಿ 1982ರಲ್ಲಿ ಆರಂಭವಾದ ಪ್ರಿಯಾ ಎಂಬ ಸಂಸ್ಥೆಯು ಜನರೇ ತಮ್ಮ ಕೆಲಸವನ್ನು ತಾವು ಅಳೆದುಕೊಳ್ಳುವ ಸಹಭಾಗಿ ಸಂಶೋಧನೆಯ ಮಾರ್ಗವನ್ನು ಸ್ವಯಂಸೇವಾ ಸಂಸ್ಥೆಗಳಲ್ಲಿ ಹರಡಿತು. ಸ್ವಯಂಸೇವಾ ಸಂಸ್ಥೆಗಳೇ ಕೂಡಿ 2004ರಲ್ಲಿ ಕಟ್ಟಿಕೊಂಡ ಕ್ರೆಡಿಬಿಲಿಟಿ ಅಲಯನ್ಸ್ ಎಂಬ ಒಕ್ಕೂಟವು, ಸಂಸ್ಥೆಗಳಿಗೆ ಕನಿಷ್ಠ ಮತ್ತು ಅಪೇಕ್ಷಣೀಯ ಎಂಬ ಎರಡು ಬಗೆಯ ಮಾನದಂಡಗಳನ್ನು ಹಾಕಿಕೊಟ್ಟಿತು. ಇತ್ತೀಚೆಗೆ ಷೇರುಪೇಟೆಯ ನಿಯಂತ್ರಕ ಸೆಬಿಯು ಸಾಮಾಜಿಕ ಷೇರು ವಿನಿಮಯ ಕೇಂದ್ರದ ವ್ಯವಸ್ಥೆಯನ್ನು ತಂದಾಗ, ಅಲ್ಲಿ ನೋಂದಾಯಿಸಿದ ಸಂಸ್ಥೆಗಳ ಸಾಮಾಜಿಕ ಪರಿಣಾಮವನ್ನು ಪರೀಕ್ಷಿಸುವವರು ಪರೀಕ್ಷೆ ಬರೆದು ಅರ್ಹತಾಪತ್ರ ಪಡೆಯಬೇಕೆಂಬ ನಿಯಮವೂ ಬಂತು. ಅದು ಪರಿಣಾಮಕ್ಕೆ ಸಂಬಂಧಿಸಿದ್ದು, ನಮ್ಮ ವಿಷಯಕ್ಕಿಂತ ಕೊಂಚ ಬೇರೆ. ಆದರೂ ಸಂಘಗಳನ್ನು ಅಳೆಯುವುದು ಕಲಿತು ಮಾಡಬೇಕಾದ ವೃತ್ತಿ ಎಂಬ ತಿಳಿವಳಿಕೆ ದೇಶದಲ್ಲಿ ಗಟ್ಟಿಯಾಗುತ್ತಿರುವುದಕ್ಕೆ ಅದು ಸಾಕ್ಷಿ.

ಈ ಕೋಷ್ಟಕಗಳು ಕೆಲಸಕ್ಕೆ ಬಾರವೆಂದು ಹೇಳುವವನು ನಾನಲ್ಲ. ಏಳು ಅಂಗಗಳ ಪಟ್ಟಿ ಕೈಯಲ್ಲಿದ್ದರೆ ಏಳನೆಯದನ್ನು ಕೇಳಲು ಮರೆಯುವುದಿಲ್ಲ. ಅಷ್ಟು ಉಪಕಾರ ಅದರಿಂದ ಇದ್ದೇ ಇದೆ. ಆದರೆ ಕೋಷ್ಟಕವು ಬರವಣಿಗೆಯನ್ನು ನಂಬುತ್ತದೆ. ಲಿಖಿತ ಯೋಜನೆ ಇದೆಯೆ, ಲಿಖಿತ ನೀತಿ ಇದೆಯೆ, ಹುದ್ದೆಗಳ ಲಿಖಿತ ವಿವರ ಇದೆಯೆ ಎಂದು ಕೇಳುತ್ತ ಹೋಗುವ ಅಭ್ಯಾಸ ಅದರಿಂದ ಬೆಳೆಯುತ್ತದೆ. ಬಾಯಿಮಾತಿನಲ್ಲಿ ನಡೆಯುವ ಸಂಘ ಇಂಥ ಪ್ರಶ್ನೆಗಳ ಮುಂದೆ ಸೊನ್ನೆಯಾಗಿ ಕಾಣುತ್ತದೆ. ಅಚ್ಚುಕಟ್ಟಾದ ಕಡತವಿಟ್ಟುಕೊಂಡು ವರ್ಷಕ್ಕೊಂದು ಸಭೆಯನ್ನೂ ನಡೆಸದ ಸಂಘ ದೊಡ್ಡದಾಗಿ ಕಾಣುತ್ತದೆ. ಎರಡೂ ತಪ್ಪು ಓದು. ಮೌಲ್ಯಮಾಪಕನ ತರಬೇತಿಯಲ್ಲಿ ನಿಜವಾದ ತಿರುಳು ಇಲ್ಲಿದೆ: ಬರೆದುದನ್ನು ಸಂದೇಹದಿಂದಲೂ ಬರೆಯದುದನ್ನು ಗೌರವದಿಂದಲೂ ಓದುವುದನ್ನು ಅವನಿಗೆ ಕಲಿಸಬೇಕು. ಕೋಷ್ಟಕ ತುಂಬುವುದನ್ನು ಅರ್ಧ ದಿನದಲ್ಲಿ ಕಲಿಸಬಹುದು. ಓದುವುದಕ್ಕೆ ವರ್ಷಗಳು ಬೇಕು. ಪಠ್ಯವನ್ನು ಓದುವ ಶಿಸ್ತನ್ನು ಮೂರು ವರ್ಷ ಅಭ್ಯಾಸ ಮಾಡಿದವರು ಈ ವಿದ್ಯೆಯ ಅರ್ಧ ದಾರಿಯನ್ನು ಆಗಲೇ ಕ್ರಮಿಸಿರುತ್ತಾರೆ.

ಶಾಸನಪಠ್ಯದ ತರಗತಿಯನ್ನು ನೆನಪಿಗೆ ತಂದುಕೊಳ್ಳಿ. ದಾನಶಾಸನವೊಂದನ್ನು ಓದುವಾಗ ನಾವು ಏನನ್ನು ಹುಡುಕುತ್ತೇವೆ? ಕಾಲ, ದಾನಿ, ದಾನ ಪಡೆದವನು, ದಾನದ ಭೂಮಿಯ ಸೀಮೆ, ಉದ್ದೇಶ, ಸಾಕ್ಷಿಗಳು, ಕೊನೆಗೆ ಶಾಪಾಶಯ. ಸಂಸ್ಥೆಯೊಂದು ತನ್ನ ಸ್ಥಾಪಕರ ಆಯುಷ್ಯವನ್ನು ಮೀರಿ ಬಾಳಲು ಬೇಕಾದುದೆಲ್ಲವೂ ಈ ಪಟ್ಟಿಯಲ್ಲಿದೆ. ಉದ್ದೇಶದ ಭಾಗದಲ್ಲಿ ಅಂಗಭೋಗ, ರಂಗಭೋಗ, ಆಹಾರದಾನಗಳ ಜೊತೆಗೆ ಮತ್ತೆ ಮತ್ತೆ ಕಾಣಿಸುವ ಇನ್ನೊಂದು ಮಾತು ಖಂಡಸ್ಫುಟಿತ ಜೀರ್ಣೋದ್ಧಾರ, ಎಂದರೆ ಒಡೆದು ಬಿರುಕುಬಿಟ್ಟುದನ್ನು ದುರಸ್ತಿ ಮಾಡುವುದು. ಗುಡಿಯನ್ನು ಕಟ್ಟಿಸಿದಾಗಲೇ ಅದು ಒಂದು ದಿನ ಬಿರುಕು ಬಿಡುತ್ತದೆಂದು ದಾನಿಗೆ ಗೊತ್ತಿತ್ತು. ಆ ದಿನಕ್ಕಾಗಿ ಹೊಲವನ್ನು ಬಿಟ್ಟುಕೊಟ್ಟಿದ್ದ. ಇಂದಿನ ದಾನಿಗಳಲ್ಲಿ ಹಲವರು ಕಾರ್ಯಕ್ರಮಕ್ಕೆ ಹಣ ಕೊಡುತ್ತಾರೆ, ಕಾರ್ಯಕ್ರಮ ನಡೆಸುವ ಸಂಸ್ಥೆಯ ದುರಸ್ತಿಗೆ ಕೊಡಲೊಲ್ಲರು. ಲೆಕ್ಕ ಬರೆಯುವವನ ಸಂಬಳ, ಕೋಣೆಯ ಬಾಡಿಗೆ, ಕಪಾಟು, ಇವೆಲ್ಲ ಅವರ ಕಣ್ಣಿಗೆ ದಂಡದ ವೆಚ್ಚ. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು ಇಂಥ ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು. ಸಣ್ಣ ಸಂಘದ ಸಾಮರ್ಥ್ಯ ಕಡಿಮೆ ಎಂದು ಅಂಕ ಕೊಡುವ ಮೌಲ್ಯಮಾಪಕನು, ಆ ಸಾಮರ್ಥ್ಯವನ್ನು ಬೆಳೆಸಲು ಹಿಂದೆ ಯಾರಾದರೂ ಒಂದು ರೂಪಾಯಿ ಕೊಟ್ಟಿದ್ದರೆ ಎಂಬುದನ್ನೂ ವಿಚಾರಿಸಬೇಕು.

ಸೊಲ್ಲಾಪುರದವರಿಗೆ ಇದನ್ನು ಹೇಳಲು ದೂರದ ನಿದರ್ಶನವೇನೂ ಬೇಡ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದನೆಂಬುದನ್ನು ರಾಘವಾಂಕನ ಸಿದ್ಧರಾಮ ಚಾರಿತ್ರದ ಮೂಲಕ ನಾವು ಓದುತ್ತೇವೆ. ಕೆರೆ ಇಂದಿಗೂ ನಗರದ ನಡುವೆ ಇದೆ. ಕೆರೆಯನ್ನು ತೋಡಿದ ಕಥೆ ಕಾವ್ಯವಾಯಿತು. ಆಮೇಲಿನ ಶತಮಾನಗಳಲ್ಲಿ ಹೂಳೆತ್ತಿದವರ, ಏರಿ ಕಾಯ್ದವರ ಹೆಸರು ಕಾವ್ಯಕ್ಕೆ ಬರಲಿಲ್ಲ. 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೊಲ್ಲಾಪುರದಲ್ಲಿ ನಡೆಯಿತು ಎಂದು ಸಾಹಿತ್ಯ ಚರಿತ್ರೆ ದಾಖಲಿಸುತ್ತದೆ. ಚಪ್ಪರ, ಊಟ, ವಸತಿಗಳ ಲೆಕ್ಕವನ್ನು ಬರೆದ ಕೈಗಳನ್ನು ಅದು ದಾಖಲಿಸುವುದಿಲ್ಲ. ಸಾಮರ್ಥ್ಯದ ಮೌಲ್ಯಮಾಪಕನು ಹುಡುಕಬೇಕಾದುದು ಆ ಕೈಗಳನ್ನು.

ಇನ್ನು ನಮ್ಮ ಪ್ರದೇಶದ ವಿಶೇಷಕ್ಕೆ ಬರೋಣ. ಮಹಾರಾಷ್ಟ್ರದಲ್ಲಿ ಸಂಘವೊಂದು ಸಾಮಾನ್ಯವಾಗಿ ಎರಡು ಕಾಯ್ದೆಗಳ ಅಡಿಯಲ್ಲಿ ನೋಂದಣಿಯಾಗುತ್ತದೆ: ಒಂದು 1860ರ ಸಂಘಗಳ ನೋಂದಣಿ ಕಾಯ್ದೆ, ಇನ್ನೊಂದು ಮೊದಲು ಮುಂಬಯಿಯ ಹೆಸರಿನಲ್ಲಿದ್ದು ಈಗ ಮಹಾರಾಷ್ಟ್ರದ ಹೆಸರು ಪಡೆದಿರುವ 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆ. ಎರಡನೆಯದರ ಅಧಿಕಾರಿ ಧರ್ಮಾದಾಯ ಆಯುಕ್ತ. ವಿಶ್ವಸ್ತರಲ್ಲಿ ಯಾರಾದರೂ ತೀರಿಕೊಂಡರೆ, ರಾಜೀನಾಮೆಯಿತ್ತರೆ, ಹೊಸಬರು ಆಯ್ಕೆಯಾದರೆ, ಆ ಬದಲಾವಣೆಯನ್ನು 90 ದಿನಗಳ ಒಳಗೆ ಅವನ ಕಚೇರಿಗೆ ವರದಿ ಮಾಡಬೇಕು. ಅಲ್ಲಿನ ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿನಲ್ಲಿ ವಿಶ್ವಸ್ತರು. ಸ್ಥಿರಾಸ್ತಿಯನ್ನು ಮಾರಬೇಕಾದರೆ ಆಯುಕ್ತರ ಪೂರ್ವಾನುಮತಿ ಬೇಕು. ಲೆಕ್ಕಪರಿಶೋಧನೆ ಪ್ರತಿವರ್ಷ ಆಗಬೇಕು. ಇದರ ಮೇಲೆ ಆದಾಯ ತೆರಿಗೆಯ ವಿನಾಯಿತಿ ಬೇಕಾದವರಿಗೆ ಕಾಲಮಿತಿಯ ನೋಂದಣಿ. ಕಂಪನಿಗಳ ನಿಧಿ ಬೇಕಾದವರಿಗೆ 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಮತ್ತೊಂದು ನೋಂದಣಿ.

ಈ ಸರಪಳಿಯಲ್ಲಿ ಮೊದಲು ಕಳಚುವ ಕೊಂಡಿ ಆ 90 ದಿನಗಳ ವರದಿ. ಹಿರಿಯರೊಬ್ಬರು ತೀರಿಕೊಂಡಾಗ ಶೋಕಸಭೆ ನಡೆಯುತ್ತದೆ, ಭಾವಚಿತ್ರ ಗೋಡೆಗೆ ಏರುತ್ತದೆ, ಕಾಗದ ಮಾತ್ರ ಕಚೇರಿಗೆ ಹೋಗುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಬ್ಯಾಂಕಿನಲ್ಲಿ ಸಹಿ ಬದಲಿಸಲು ಹೋದಾಗ, ಸರ್ಕಾರಿ ದಾಖಲೆಯ ಪ್ರಕಾರ ಸಂಘವನ್ನು ನಡೆಸುತ್ತಿರುವವರು ಗೋಡೆಯ ಮೇಲಿನ ಭಾವಚಿತ್ರಗಳೇ ಎಂದು ತಿಳಿದುಬರುತ್ತದೆ. ಸಂಘ ಜೀವಂತವಿದ್ದೂ ಅದರ ಹಣ ಮುಟ್ಟಲಾಗದಂತಾಗುತ್ತದೆ. ಮೌಲ್ಯಮಾಪಕನು ಈ ಒಂದು ಸಂಗತಿಯನ್ನು ಸಮಯಕ್ಕೆ ಕಂಡುಹಿಡಿದು ಹೇಳಿದರೆ ಉಳಿದ ಆರು ಅಂಗಗಳಿಗೆ ಕೊಟ್ಟ ಅಂಕಕ್ಕಿಂತ ಹೆಚ್ಚಿನ ಉಪಕಾರವಾದೀತು.

ಭಾಷೆಯ ತೊಡಕು ಇದರ ಜೊತೆಗೇ ಬರುತ್ತದೆ. ಸಭೆ ನಡೆಯುವುದು ಕನ್ನಡದಲ್ಲಿ. ಕಾಗದ ಹೋಗುವುದು ಮರಾಠಿಯಲ್ಲಿ. ದಾನಿಯ ಕೋಷ್ಟಕ ಇಂಗ್ಲಿಷಿನಲ್ಲಿ. ಮೂರರ ನಡುವೆ ಓಡಾಡುವವನಿಗೆ ಮೋಸ ಮಾಡುವವು ಅಪರಿಚಿತ ಪದಗಳಲ್ಲ, ಪರಿಚಿತ ಪದಗಳೇ. ಮರಾಠಿಯಲ್ಲಿ ಸಂಸ್ಥೆಯ ‘ಘಟನಾ’ ಎಂದರೆ ಅದರ ಮೂಲ ನಿಬಂಧನೆ. ನಮಗೆ ಘಟನೆ ಎಂದರೆ ನಡೆದ ಸಂಗತಿ. ಮರಾಠಿಯ ‘ಅಹವಾಲ’ ವರದಿ. ಕನ್ನಡದ ಅಹವಾಲು ಮೊರೆ. ಮರಾಠಿಯ ‘ಪಾವತಿ’ ಹಣ ಸಂದುದಕ್ಕೆ ಕೊಡುವ ರಸೀದಿ. ಬೆಂಗಳೂರಿನ ಕಚೇರಿಯ ಕನ್ನಡದಲ್ಲಿ ಪಾವತಿ ಎಂದರೆ ಹಣ ಸಲ್ಲಿಸುವುದೇ. ಸೊಲ್ಲಾಪುರದ ಖಜಾಂಚಿಯೊಬ್ಬರು ‘ಪಾವತಿ ಐತ್ರಿ’ ಎಂದರೆ ಚೀಟಿ ಕೈಯಲ್ಲಿದೆ ಎಂದರ್ಥ. ಬೆಂಗಳೂರಿನಿಂದ ಬಂದವರು ಅದನ್ನು ಬಾಕಿ ತೀರಿಸಿದ್ದಾರೆ ಎಂದು ಬರೆದುಕೊಂಡಾರು. ಇವೆಲ್ಲಕ್ಕಿಂತ ಸೊಗಸಾದುದು ‘ಇತಿವೃತ್ತ’. ಮರಾಠಿಯಲ್ಲಿ ಅದು ಸಭೆಯ ನಡವಳಿಯ ದಾಖಲೆ. ಕಾವ್ಯಮೀಮಾಂಸೆ ಓದಿದ ನಿಮಗೆ ಅದು ನಾಟಕದ ಕಥಾಶರೀರ. ಈ ಒಂದು ಪದದ ವಿಷಯದಲ್ಲಿ ಮಾತ್ರ ಎರಡೂ ಅರ್ಥಗಳನ್ನು ಕೂಡಿಸಿಕೊಳ್ಳುವುದೇ ಮೇಲು ಎಂದು ನನ್ನ ಅಭಿಪ್ರಾಯ, ಏಕೆಂದರೆ ಸಂಘದ ಕಥಾಶರೀರ ಇರುವುದು ಅದರ ನಡವಳಿ ಪುಸ್ತಕದಲ್ಲಿಯೇ.

ತರಬೇತಿಯ ಮೊದಲ ಪಾಠವನ್ನು ಅಲ್ಲಿಂದಲೇ ಆರಂಭಿಸಬೇಕು. ಸಂಘದವರನ್ನು ಭೇಟಿಯಾಗುವ ಮೊದಲು ಐದು ವರ್ಷಗಳ ನಡವಳಿಯನ್ನು ಶಿಬಿರಾರ್ಥಿಯ ಕೈಗೆ ಕೊಟ್ಟು, ಒಂದು ದಿನ ಸುಮ್ಮನೆ ಓದಲು ಬಿಡಬೇಕು. ಏನನ್ನು ನೋಡಬೇಕು? ಠರಾವುಗಳ ಭಾಷೆ ವರ್ಷದಿಂದ ವರ್ಷಕ್ಕೆ ಅಕ್ಷರಶಃ ಒಂದೇ ಆಗಿದ್ದರೆ, ಸಭೆ ನಡೆಯಿತೋ ಹಳೆಯ ಪುಟವನ್ನು ನಕಲು ಮಾಡಲಾಯಿತೋ ಎಂದು ಕೇಳಿಕೊಳ್ಳಬೇಕು. ಹಾಜರಿಯ ಸಹಿಗಳೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಇದ್ದರೆ ಪುಸ್ತಕ ಮನೆಮನೆಗೆ ಸುತ್ತಾಡಿದೆಯೋ ಎಂದು ನೋಡಬೇಕು. ಸೂಚಕರು, ಅನುಮೋದಕರು ಯಾವಾಗಲೂ ಇಬ್ಬರೇ ಆಗಿದ್ದರೆ ಉಳಿದವರು ಮಾತಾಡುವುದಿಲ್ಲವೆಂದು ತಿಳಿಯಬಹುದು. ಭಿನ್ನಾಭಿಪ್ರಾಯ ದಾಖಲಾಗಿದ್ದರೆ ಹೊಸ ಮೌಲ್ಯಮಾಪಕರು ಅದನ್ನು ದೌರ್ಬಲ್ಯವೆಂದು ಎಣಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಆರೋಗ್ಯದ ಲಕ್ಷಣ. ಜಗಳವನ್ನು ಬರೆದಿಡುವ ಧೈರ್ಯವಿರುವ ಸಂಘಕ್ಕೆ ಜಗಳವನ್ನು ದಾಟುವ ಶಕ್ತಿಯೂ ಸಾಮಾನ್ಯವಾಗಿ ಇರುತ್ತದೆ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವಾಗಲಿ, 1915ರ ಕನ್ನಡ ಸಾಹಿತ್ಯ ಪರಿಷತ್ತಾಗಲಿ ಒಂದು ಶತಮಾನವನ್ನು ಮೀರಿ ಬಾಳಿರುವುದರಲ್ಲಿ ನಿಬಂಧನೆಗೆ, ಚುನಾವಣೆಗೆ, ಸಭೆಯ ವಾದವಿವಾದಗಳಿಗೆ ಪಾಲಿಲ್ಲವೆನ್ನಲಾಗದು.

ಎರಡನೆಯ ಪಾಠ ಪ್ರಶ್ನೆ ಕೇಳುವುದು. ಇದಕ್ಕೆ ಕಲ್ಪಿತ ಉದಾಹರಣೆಯೊಂದನ್ನು ಇಟ್ಟುಕೊಳ್ಳೋಣ. ಹೋಟಗಿಯ ಸುತ್ತಿನ ಯಾವುದೋ ಹಳ್ಳಿಯಲ್ಲಿ ಒಂದು ಕನ್ನಡ ವಾಚನಾಲಯವಿದೆ. ನಿವೃತ್ತ ಮಾಸ್ತರರೊಬ್ಬರು ಕಾರ್ಯದರ್ಶಿ. ನೋಂದಣಿ ಪುಸ್ತಕದಲ್ಲಿ ಒಂಬತ್ತು ಜನ ವಿಶ್ವಸ್ತರು. ಅವರಲ್ಲಿ ನಾಲ್ವರು ಈಗಿಲ್ಲ. ನಡವಳಿ ಪುಸ್ತಕದ ಕೊನೆಯ ಪುಟ ಎಂಟು ವರ್ಷ ಹಿಂದಿನದು. ಆದರೆ ಸಂಜೆಯಾದರೆ ಬಾಗಿಲು ತೆರೆದಿರುತ್ತದೆ, ಮಕ್ಕಳು ಪುಸ್ತಕ ಒಯ್ಯುತ್ತಾರೆ, ತರುತ್ತಾರೆ. ಇಬ್ಬರು ಮೌಲ್ಯಮಾಪಕರು ಬೇರೆಬೇರೆಯಾಗಿ ಅಲ್ಲಿಗೆ ಹೋದರು. ಮೊದಲನೆಯವನು ಕೋಷ್ಟಕದ ಪ್ರಶ್ನೆಯನ್ನು ಹಾಗೆಯೇ ಕನ್ನಡಿಸಿ ಕೇಳಿದ: ನಿಮ್ಮಲ್ಲಿ ನಾಯಕತ್ವದ ಉತ್ತರಾಧಿಕಾರದ ಯೋಜನೆ ಇದೆಯೆ? ಮಾಸ್ತರರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಮರ್ಯಾದೆಗಾಗಿ ‘ಇಲ್ರೀ ಸಾಹೇಬ್ರ’ ಎಂದರು. ಅಂಕ 1. ಎರಡನೆಯವಳು ಈ ಭಾಗದ ಹುಡುಗಿ. ಅವಳು ಕೇಳಿದ್ದು ಹೀಗೆ:

‘ಕಾಕಾ, ನೀವು ಊರಾಗ ಇಲ್ಲದಾಗ ವಾಚನಾಲಯ ಯಾರ ತಗೀತಾರ್ರೀ?’

‘ನಮ್ಮ ಸೊಸಿ ತಗೀತಾಳವಾ. ಚಾವಿ ಆಕಿ ಹಂತೇಕನ ಇರತೈತಿ.’

‘ಮತ್ತ ಪುಸ್ತಕ ಕೊಟ್ಟದ್ದು ಬರಕೊಳ್ಳೋದು?’

‘ಅದನೂ ಆಕೀನ. ನನಗೀಗ ಕಣ್ಣು ಕಾಣಸೂದಿಲ್ಲಲ್ಲ, ಆರು ವರ್ಷಾತು.’

ಅವಳು ಎರವಲು ಪುಸ್ತಕ ತರಿಸಿ ನೋಡಿದಳು. ಆರು ವರ್ಷಗಳ ಬರವಣಿಗೆ ಒಂದೇ ಕೈಯದು, ಒಂದು ದಿನವೂ ತಪ್ಪಿಲ್ಲ. ಆ ಸೊಸೆ ಸಂಘದ ಸದಸ್ಯೆಯೂ ಅಲ್ಲ. ಅಂದರೆ ಕಾಗದದ ಮೇಲೆ ಎಂಟು ವರ್ಷಗಳ ಹಿಂದೆ ನಿಂತುಹೋದ ಸಂಘವು, ಕಾಗದದಲ್ಲಿ ಹೆಸರೇ ಇಲ್ಲದ ಒಬ್ಬ ಹೆಣ್ಣುಮಗಳ ಕೈಯಲ್ಲಿ ಆರು ವರ್ಷಗಳಿಂದ ನಡೆಯುತ್ತಿದೆ. ಮೊದಲನೆಯವನ ಅಂಕ ಸುಳ್ಳಲ್ಲ. ಯೋಜನೆ ನಿಜವಾಗಿಯೂ ಇರಲಿಲ್ಲ. ಆದರೆ ಆ ಅಂಕವನ್ನು ಓದಿದ ದಾನಿ ಅರ್ಜಿಯನ್ನು ಪಕ್ಕಕ್ಕೆ ಇಡುತ್ತಿದ್ದ, ವಾಚನಾಲಯ ಮಾಸ್ತರರ ಜೊತೆಗೇ ಮುಗಿಯುತ್ತಿತ್ತು. ಎರಡನೆಯವಳ ಪ್ರಶ್ನೆಯಿಂದ ಮಾಡಬೇಕಾದ ಕೆಲಸವೇನೆಂದು ತಿಳಿಯಿತು.

ಹೀಗೆಂದ ಮಾತ್ರಕ್ಕೆ ಎರಡನೆಯವಳು ನಾಯಕತ್ವಕ್ಕೆ 4 ಅಂಕ ಕೊಡಬೇಕಿತ್ತು ಎಂದಲ್ಲ. ಮೆಚ್ಚುಗೆಯಿಂದ ಅಂಕ ಏರಿಸುವುದು ಗಡಿಭಾಗದ ಸಂಘಗಳಿಗೆ ನಾವೇ ಮಾಡುವ ಕೇಡು. ಕನ್ನಡದ ಕೆಲಸ, ಪಾಪ, ಕಷ್ಟಪಟ್ಟು ಮಾಡುತ್ತಿದ್ದಾರೆ ಎಂದು ಕಣ್ಣುಮುಚ್ಚಿ ಶಿಫಾರಸು ಬರೆದರೆ ಹಣ ಬರುತ್ತದೆ. ಸಹಿ ಹಾಕಲು ಅಧಿಕಾರವಿರುವವರು ಇಲ್ಲದೆ ಖಾತೆಯಲ್ಲಿ ಕೂರುತ್ತದೆ. ವೆಚ್ಚದ ಪ್ರಮಾಣಪತ್ರ ಕೊಡಲಾಗದೆ ಮುಂದಿನ ವರ್ಷ ಸಂಘದ ಹೆಸರು ಕೆಡುತ್ತದೆ. ಸಾಮರ್ಥ್ಯ ಮೀರಿದ ಅನುದಾನ ಸಣ್ಣ ಸಂಘಕ್ಕೆ ಅನುದಾನವಿಲ್ಲದಿರುವುದಕ್ಕಿಂತ ದೊಡ್ಡ ವಿಪತ್ತಾಗಬಲ್ಲದು.

ಅಂಕ ಕೊಡುವ ಶಿಸ್ತಿಗೆ ಬೇಕಾದ ಅಭ್ಯಾಸ ಸರಳ. ಪ್ರತಿಯೊಂದು ಅಂಶಕ್ಕೂ ಹೇಳಿದ್ದು, ಕಂಡದ್ದು, ಓದಿದ್ದು ಎಂದು ಮೂರು ಸಾಲು ಬರೆದುಕೊಳ್ಳಬೇಕು. ಮೂರರಲ್ಲಿ ಎರಡಾದರೂ ಒಂದನ್ನೊಂದು ಬೆಂಬಲಿಸದೆ ಅಂಕ ಹಾಕಬಾರದು. ಸಭೆ ತಿಂಗಳಿಗೊಮ್ಮೆ ನಡೆಯುತ್ತದೆ ಎಂದು ಹೇಳಿದರು. ನಡವಳಿ ಪುಸ್ತಕ ವರ್ಷಕ್ಕೊಮ್ಮೆ ಎನ್ನುತ್ತದೆ. ಕೋಣೆಯಲ್ಲಿ ಐದೇ ಕುರ್ಚಿಗಳಿವೆ. ಈ ಮೂರನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಇಬ್ಬರು ಶಿಬಿರಾರ್ಥಿಗಳು ಒಂದೇ ಸಂಘಕ್ಕೆ ಪರಸ್ಪರ ಕೇಳದೆ ಅಂಕ ಕೊಟ್ಟು, ಆಮೇಲೆ ಎಲ್ಲಿ ಬೇರೆಯಾದೆವು ಎಂದು ಚರ್ಚಿಸುವುದು ತರಬೇತಿಯ ಅತ್ಯಂತ ಫಲಕಾರಿ ಭಾಗ. ಪಾಠಾಂತರಗಳನ್ನು ಎದುರುಬದುರು ಇಟ್ಟು ಓದಿದವರಿಗೆ ಈ ಕ್ರಮ ಅಪರಿಚಿತವೆನಿಸದು. ಒಬ್ಬನ 1, ಇನ್ನೊಬ್ಬಳ 3, ಸರಾಸರಿ 2 ಎಂದು ಮುಗಿಸಿದರೆ ಮಾತ್ರ ಎಲ್ಲವೂ ವ್ಯರ್ಥ. ಮೇಲಿನ ಉದಾಹರಣೆಯಲ್ಲಿ ಸೊಸೆಯ ಕೈಬರಹ ಆ ಸರಾಸರಿಯಲ್ಲಿ ಮಾಯವಾಗಿಬಿಡುತ್ತಿತ್ತು.

ಊರು ಸಣ್ಣದಾದಷ್ಟೂ ಇನ್ನೊಂದು ತೊಡಕು ದೊಡ್ಡದಾಗುತ್ತದೆ. ಹೋಟಗಿಯಿಂದ ಅಕ್ಕಲಕೋಟೆಯವರೆಗೆ ಯಾರು ಯಾರಿಗೆ ಬೀಗರಲ್ಲ? ಮೌಲ್ಯಮಾಪಕನ ಸೋದರಮಾವನೇ ಸಂಘದ ಅಧ್ಯಕ್ಷನಾಗಿರಬಹುದು, ಅವನ ಮಠವೇ ಸಂಘದ ಮಠವಾಗಿರಬಹುದು. ಹೊರಗಿನವನನ್ನು ಕರೆಸಿದರೆ ಮಾತು ತಿಳಿಯದು. ಒಳಗಿನವನನ್ನು ಕಳುಹಿಸಿದರೆ ಮುಲಾಜು ಬಿಡದು. ಇದಕ್ಕೆ ಪೂರ್ಣ ಪರಿಹಾರವಿಲ್ಲ. ಸಂಬಂಧವನ್ನು ಮೊದಲ ಪುಟದಲ್ಲಿಯೇ ಬರೆದು ತಿಳಿಸುವುದು, ಇಬ್ಬರನ್ನು ಜೊತೆಯಾಗಿ ಕಳುಹಿಸುವುದು, ಅವರಲ್ಲಿ ಒಬ್ಬರು ಬೇರೆ ತಾಲ್ಲೂಕಿನವರಾಗಿರುವುದು, ಇಷ್ಟು ಮಾಡಬಹುದು. ಹಣ ಕೊಡುವವನೇ ಮೌಲ್ಯಮಾಪಕನಿಗೆ ಸಂಭಾವನೆ ಕೊಡುವಾಗ ಸಂಘದವರು ಅವನನ್ನು ಶಾಲಾ ತನಿಖಾಧಿಕಾರಿಯಂತೆ ಕಾಣುವುದೂ ಸಹಜವೇ; ಚಹಾ, ಅವಲಕ್ಕಿ, ಶಾಲು, ಹಾರಗಳ ಸತ್ಕಾರದಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. ಅದಕ್ಕೇ ಪ್ರಿಯಾದಂಥ ಸಂಸ್ಥೆಗಳ ಮಾರ್ಗ ಇಲ್ಲಿ ಹೆಚ್ಚು ಹೊಂದುತ್ತದೆಂದು ತೋರುತ್ತದೆ: ಸಂಘದವರೇ ಮೊದಲು ತಮಗೆ ತಾವು ಅಂಕ ಕೊಟ್ಟುಕೊಳ್ಳಲಿ, ಮೌಲ್ಯಮಾಪಕನು ಕೇಳುಗನಾಗಿರಲಿ, ವ್ಯತ್ಯಾಸವಿದ್ದಲ್ಲಿ ಮಾತ್ರ ಬಾಯಿ ತೆರೆಯಲಿ.

ವರದಿಯನ್ನು ಬರೆದ ಮೇಲೆ ಅದನ್ನು ಸಂಘದ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವವರೆಗೂ ಕೆಲಸ ಮುಗಿದಂತಲ್ಲ. ಓದಿ ಹೇಳಬೇಕೆಂಬ ನಿಯಮವಿದ್ದರೆ ವರದಿಯ ಭಾಷೆಯೇ ಬದಲಾಗುತ್ತದೆ. ‘ಉತ್ತರಾಧಿಕಾರದ ವ್ಯವಸ್ಥೆ ದುರ್ಬಲ’ ಎಂದು ದಾನಿಗೆ ಬರೆಯಬಹುದು. ಮಾಸ್ತರರ ಎದುರು ನಿಂತು ಓದುವಾಗ ಅದಕ್ಕೆ ಅರ್ಥವಿಲ್ಲ. ಅಲ್ಲಿ ಬರೆಯಬೇಕಾದುದು ಹೀಗೆ: ವಾಚನಾಲಯವನ್ನು ಆರು ವರ್ಷಗಳಿಂದ ನಡೆಸುತ್ತಿರುವವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಿ, ನಿಬಂಧನೆಯಂತೆ ಸಭೆ ಕರೆದು, ತೀರಿಕೊಂಡ ನಾಲ್ವರ ಸ್ಥಾನಗಳಿಗೆ ಆಯ್ಕೆ ನಡೆಸಿ, ಅವರ ಹೆಸರನ್ನೂ ಅದರಲ್ಲಿ ಪರಿಗಣಿಸಿ, ಹಳೆಯ ಬದಲಾವಣೆಗಳ ವರದಿ ತಡವಾಗಿದೆ, ತಡವಾದುದಕ್ಕೆ ಕಾರಣ ಬರೆದು ಅದನ್ನೂ ಜೊತೆಗೆ ಸಲ್ಲಿಸಿ.

ನಮ್ಮ ವಿಭಾಗದ ವಿದ್ಯಾರ್ಥಿಗಳು ಇದನ್ನು ಅಭ್ಯಾಸ ಮಾಡಿನೋಡಲು ಯಾರ ಅನುಮತಿಗೂ ಬಹಳ ದೂರ ಹೋಗಬೇಕಾಗಿಲ್ಲ. ಕಾಲೇಜಿನ ಕನ್ನಡ ಸಂಘದ ಕಳೆದ ಮೂರು ವರ್ಷಗಳ ನಡವಳಿ, ಕಿರ್ದಿ, ಹಾಜರಿ ಪುಸ್ತಕಗಳು ಕಪಾಟಿನಲ್ಲಿವೆ. ಇಬ್ಬಿಬ್ಬರ ಜೋಡಿಯಾಗಿ, ಒಂದು ಜೋಡಿಯ ಟಿಪ್ಪಣಿಯನ್ನು ಇನ್ನೊಂದು ಜೋಡಿ ನೋಡದಂತೆ ಓದಿ, ಹೇಳಿದ್ದು, ಕಂಡದ್ದು, ಓದಿದ್ದು ಎಂಬ ಮೂರು ಸಾಲುಗಳನ್ನು ತುಂಬಬೇಕು. ಪದಾಧಿಕಾರಿಗಳ ಹೆಸರಿನಿಂದ ಆರಂಭಿಸುವುದು ಬೇಡ; ಕಪಾಟಿನ ಚಾವಿ ಯಾರ ಬಳಿ ಇರುತ್ತದೆ, ಅವರಿಲ್ಲದ ದಿನ ಯಾರ ಬಳಿ ಇರುತ್ತದೆ ಎಂಬ ಎರಡು ಪ್ರಶ್ನೆಗಳಿಂದ ಆರಂಭಿಸುವುದು ಒಳ್ಳೆಯದು.